ಮಳೆಗಾಲದಲ್ಲಿ ಕೌಲಿಂಗ್‌ಗೆ ಪುಟ್ಟಿ ಹಚ್ಚುವ ಮುನ್ನ

ಹೆಸರಘಟ್ಟ ರಸ್ತೆಯ ಶೆಡ್ಡಿನಲ್ಲಿ ನಾನು ಕಟ್ಟುತ್ತಿರುವ ಎರಡು ಆಸನಗಳ ವಿಮಾನದ ಫೈಬರ್‌ಗ್ಲಾಸ್ ಕೌಲಿಂಗ್, ಅಂದರೆ ಎಂಜಿನ್ ಮುಚ್ಚುವ ಹೊರಕವಚ, ಕಳೆದ ಆಗಸ್ಟಿನಲ್ಲಿ ಮುಖ ನೋಡಿಕೊಳ್ಳುವಷ್ಟು ನುಣುಪಾಗಿತ್ತು. ವಿಮಾನವನ್ನು ನೆಲಕ್ಕೆ ಕಟ್ಟಿ ಎಂಜಿನ್ ಓಡಿಸಿ ನೋಡಿದ ಮೂರನೆಯ ದಿನ, ಅದರ ಕೆಳಭಾಗದಲ್ಲಿ ಅಂಗೈಯಗಲದ ಪುಟ್ಟಿ ಬಣ್ಣದ ಸಮೇತ ಹಪ್ಪಳದಂತೆ ಎದ್ದು ಬಂತು. ಹಾರಾಟದಲ್ಲಿ ಹೀಗಾಗಿದ್ದರೆ ಎಂಬ ಯೋಚನೆಗೆ ನನಗೆ ಇಂದಿಗೂ ಮೈ ನಡುಗುತ್ತದೆ. ಇದೇ ಕೆಲಸಕ್ಕೆ ಕೈ ಹಾಕುವವರು ನನ್ನ ತಪ್ಪನ್ನು ಮಾಡಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಫೈರ್‌ವಾಲ್ (ಎಂಜಿನ್ ಹಿಂದಿನ ಬೆಂಕಿ ತಡೆಗೋಡೆ) ಅಂಚಿನಲ್ಲಿ ಕೌಲಿಂಗ್ ಸರಿಯಾಗಿ ಕೂರದಿದ್ದ ಕಡೆ ನಾನೇ ಗ್ಲಾಸ್ ಬಟ್ಟೆ, ಎಪಾಕ್ಸಿ (ಹಾರ್ಡನರ್ ಬೆರೆಸಿದರೆ ಗಟ್ಟಿಯಾಗುವ ರೆಸಿನ್) ಹಾಕಿ ಏರಿಸಿದ್ದೆ. ಹೊರಗೆ ಜಿಟಿಜಿಟಿ ಮಳೆ, ಒಳಗೆ ತಂಪು. ಇಂಥ ಹವೆಯಲ್ಲಿ ಹಾರ್ಡನರ್‌ನಲ್ಲಿರುವ ಅಮೈನ್ ಅಂಶವು ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ, ಗಟ್ಟಿಯಾದ ರೆಸಿನ್ ಮೇಲೆ ಮೇಣದಂಥ ತೆಳು ಪೊರೆಯನ್ನು ಕಟ್ಟುತ್ತದೆ. ಅದು ಕಣ್ಣಿಗೆ ಬೀಳುವುದೇ ಕಷ್ಟ, ಬೆರಳಿಗೆ ಮಾತ್ರ ತುಸು ಜಿಡ್ಡೆನಿಸುತ್ತದೆ. ನಾನು ಥಿನ್ನರ್ ಬಟ್ಟೆಯಲ್ಲಿ ಒರೆಸಿ ನೇರವಾಗಿ ಸ್ಯಾಂಡ್‌ಪೇಪರ್ ಹಿಡಿದೆ. ಎರಡೂ ತಪ್ಪು. ಥಿನ್ನರ್ ಆ ಜಿಡ್ಡನ್ನು ಹರಡುತ್ತದೆ, ಸ್ಯಾಂಡ್‌ಪೇಪರ್ ಅದನ್ನು ಗೀರುಗಳೊಳಗೆ ತುಂಬುತ್ತದೆ. ಅದು ನೀರಿನಲ್ಲಿ ಕರಗುವಂಥದ್ದು; ಮೊದಲು ಶುದ್ಧ ನೀರು ಮತ್ತು ಒರಟು ಪ್ಯಾಡಿನಿಂದ ತಿಕ್ಕಿ ತೊಳೆದು, ಒರೆಸಿ, ಒಣಗಿದ ಮೇಲಷ್ಟೇ ಉಜ್ಜಬೇಕಿತ್ತು. ಹಸಿ ರೆಸಿನ್ ಮೇಲೆ ಪೀಲ್ ಪ್ಲೈ ಬಟ್ಟೆ ಹಾಸಿ, ಗಟ್ಟಿಯಾದ ಮೇಲೆ ಕಿತ್ತು ತೆಗೆದಿದ್ದರೆ ಈ ತೊಂದರೆಯ ಬಹುಪಾಲು ಆ ಬಟ್ಟೆಯ ಜೊತೆಗೇ ಹೋಗುತ್ತಿತ್ತು.

ಅದರ ಮೇಲೆ ಇನ್ನೊಂದು ಅವಸರ ಮಾಡಿದೆ. ಫಿನಿಶಿಂಗ್‌ಗೆಂದು ಕೌಲಿಂಗನ್ನು ಕಾರು ಟಿಂಕರಿಂಗ್ ಮಾಡುವ ಗ್ಯಾರೇಜೊಂದಕ್ಕೆ ಒಪ್ಪಿಸಿದೆ. ಅವರು ತಮಗೆ ಗೊತ್ತಿದ್ದ ಪಾಲಿಯೆಸ್ಟರ್ ಪುಟ್ಟಿಯನ್ನೇ ಮೆತ್ತಿದರು. ಪೂರ್ತಿ ಪಕ್ವವಾಗದ ಎಪಾಕ್ಸಿಯಲ್ಲಿ ಉಳಿದ ಅಮೈನ್ ಪಾಲಿಯೆಸ್ಟರನ್ನು ಅಡಿಯಲ್ಲಿ ಗಟ್ಟಿಯಾಗಲು ಬಿಡುವುದಿಲ್ಲ. ಮೇಲೆ ಕಲ್ಲಿನಂತಿದ್ದರೂ ಹಿಡಿತ ಮಾತ್ರ ಇರುವುದಿಲ್ಲ. ಅವರಿಗೆ ಇದನ್ನು ತಿಳಿಸುವುದು ನನ್ನ ಹೊಣೆಯಾಗಿತ್ತು. ಎಪಾಕ್ಸಿಗೆ ಮೈಕ್ರೋಬಲೂನ್ (ಟೊಳ್ಳಾದ ಅತಿಸೂಕ್ಷ್ಮ ಗೋಲಿಗಳ ಪುಡಿ) ಕಲಸಿ ಮಾಡಿದ ಹಗುರವಾದ ಫಿಲ್ಲರನ್ನೇ ಬಳಸಿ, ಸೂಜಿರಂಧ್ರಗಳಿಗೆ ತೆಳುವಾದ ಎಪಾಕ್ಸಿಯನ್ನು ಎಳೆದು ತುಂಬಿ ಎಂದು ಬರೆದುಕೊಟ್ಟಿದ್ದರೆ ಸಾಕಿತ್ತು.

ಎಕ್ಸಾಸ್ಟ್ ಪೈಪಿನ ಬಿಸಿ ಉಳಿದದ್ದನ್ನು ಮುಗಿಸಿತು. ಕೋಣೆಯ ತಾಪದಲ್ಲೇ ಗಟ್ಟಿಯಾದ ಎಪಾಕ್ಸಿ, ಮತ್ತೆ ಬಿಸಿಯಲ್ಲಿಟ್ಟು ಹದಗೊಳಿಸದಿದ್ದರೆ, ಸಾಮಾನ್ಯವಾಗಿ 50–60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗತೊಡಗುತ್ತದೆ. ಪೈಪಿನ ಎದುರಿನ ಒಳಮೈಗೆ ಶಾಖ ತಡೆಯುವ ಹಾಳೆಯನ್ನು ಮೊದಲ ದಿನವೇ ಅಂಟಿಸಬೇಕಿತ್ತು.

ಸ್ಪಿನ್ನರ್ (ಪ್ರೊಪೆಲ್ಲರ್ ನಡುವೆ ಕೂರುವ ಮೊನಚು ಟೋಪಿ) ಹಿಂದಿನ ಸಂದಿನ ವಿಷಯವನ್ನೂ ಹೇಳಿಬಿಡುತ್ತೇನೆ. ಚಂದ ಕಾಣಲೆಂದು ನಾನು 3 ಮಿಲಿಮೀಟರ್ ಮಾತ್ರ ಬಿಟ್ಟಿದ್ದೆ. ಎಂಜಿನ್ ನಿಲ್ಲುವಾಗ ರಬ್ಬರ್ ಮೌಂಟ್‌ಗಳ ಮೇಲೆ ಓಲಾಡಿ ಸ್ಪಿನ್ನರ್ ಕೌಲಿಂಗಿನ ಅಂಚನ್ನು ಕೆರೆಯಿತು. ಸುಮಾರು 6 ಮಿಲಿಮೀಟರ್ ಬಿಡಿ. ಆ ರಬ್ಬರ್ ಕಾಲಕ್ರಮೇಣ ಕುಸಿದು ಎಂಜಿನ್ ತುಸು ಕೆಳಗಿಳಿಯುವುದರಿಂದ ಸ್ಪಿನ್ನರನ್ನು ಕೂದಲೆಳೆಯಷ್ಟು ಮೇಲಕ್ಕೇ ಹೊಂದಿಸಿಕೊಳ್ಳಿ.

ಪುಟ್ಟಿಯನ್ನೆಲ್ಲ ಬಟ್ಟೆಯ ಪದರದವರೆಗೆ ಉಜ್ಜಿ ತೆಗೆಯಲು ಹನ್ನೊಂದು ದಿನ ಹಿಡಿಯಿತು. ಕೆಳಭಾಗದ ಹೊಸ ಪದರ ಈಗ ಪೀಲ್ ಪ್ಲೈ ಅಡಿಯಲ್ಲಿದೆ, ಸ್ಪಿನ್ನರ್ ಬಳಿಯ ಅಂಚನ್ನು ಕತ್ತರಿಸುವುದು ಇನ್ನೂ ಬಾಕಿಯಿದೆ.