112ನೇ ಪುಟದ ನೆತ್ತಿಯ ಮೇಲೆ ಬೇರೆಯವರ ಪುಸ್ತಕ

ನನ್ನ ಪತ್ತೇದಾರಿ ಕಾದಂಬರಿಯ 112ನೇ ಪುಟ ತೆರೆದರೆ ನೆತ್ತಿಯ ಮೇಲೆ ಬೇರೆ ಯಾರದೋ ಪ್ರೇಮ ಕಾದಂಬರಿಯ ಹೆಸರಿದೆ. 114, 116, 118ರಲ್ಲೂ ಅದೇ. 120ಕ್ಕೆ ಮತ್ತೆ ನನ್ನ ಪುಸ್ತಕದ ಹೆಸರು ವಾಪಸ್ ಬರುತ್ತದೆ. ಕೆಳಗೆ ನನ್ನ ಇನ್ಸ್‌ಪೆಕ್ಟರ್ ಹೆಣದ ಮಹಜರು ಬರೆಸುತ್ತಿದ್ದಾನೆ, ಮೇಲೆ ಬಳ್ಳಿ ಬಳುಕಿದಂಥ ಅಕ್ಷರದಲ್ಲಿ ಪ್ರೇಮಕಥೆಯ ಶೀರ್ಷಿಕೆ.

ನಗು ಬರುತ್ತೆ ಅಲ್ವಾ? ಈಗ ನನಗೂ ಬರುತ್ತದೆ. ಪೆಟ್ಟಿಗೆ ಬಿಚ್ಚಿದ ದಿನ ಬಂದಿರಲಿಲ್ಲ. ಆ ಪುಸ್ತಕಕ್ಕೆ ನಾಲ್ಕು ವರ್ಷ ರಾತ್ರಿ ಕೂತಿದ್ದೆ, ಎರಡೂವರೆ ತಿಂಗಳ ಸಂಬಳ ಸುರಿದಿದ್ದೆ. ನನ್ನ ಹಾಗೆ ಹೆಸರಿಲ್ಲದ, ಸ್ವಂತವಾಗಿ ಪುಸ್ತಕ ತರಬೇಕು ಅಂತ ಓಡಾಡುತ್ತಿರುವ ಬರಹಗಾರರಿಗಾಗಿ ಇದನ್ನು ಬರೆಯುತ್ತಿದ್ದೇನೆ. ದುಡ್ಡು ತಗೊಂಡು ನನ್ನ ಪುಸ್ತಕ ಮಾಡಿಕೊಟ್ಟ ಕಂಪನಿಯ ಹೆಸರು ಹಾಕುವುದಿಲ್ಲ. ಹಾಕಿ ಪ್ರಯೋಜನವೂ ಇಲ್ಲ, ಅವರು ಈಗಾಗಲೇ ಒಮ್ಮೆ ಹೆಸರು ಬದಲಿಸಿಕೊಂಡಿದ್ದಾರೆ.

ಶುರುವಾಗಿದ್ದು ಹೀಗೆ. ನಾಲ್ಕು ಪ್ರಕಾಶಕರಿಗೆ ಹಸ್ತಪ್ರತಿ ಕಳಿಸಿದ್ದೆ. ಇಬ್ಬರು ಬೇಡ ಅಂದರು, ಇಬ್ಬರು ಏನೂ ಅನ್ನಲಿಲ್ಲ. ಅಷ್ಟರಲ್ಲಿ ಈ ಕಂಪನಿಯ ಜಾಹೀರಾತು ಕಣ್ಣಿಗೆ ಬಿತ್ತು. ಫಾರ್ಮ್ ತುಂಬಿ, ಹಸ್ತಪ್ರತಿ ಲಗತ್ತಿಸಿ ಕಳಿಸಿದೆ. ಮೂರನೇ ದಿನಕ್ಕೆ ಫೋನ್.

"ಸರ್, ನಮ್ಮ ಸಂಪಾದಕ ಮಂಡಳಿ ನಿಮ್ಮ ಕೃತಿಯನ್ನು ಆಯ್ಕೆ ಮಾಡಿದೆ. ಕಂಗ್ರಾಟ್ಸ್ ಸರ್!"

ಆಯ್ಕೆ! ನಾಲ್ಕು ವರ್ಷದಲ್ಲಿ ಆ ಮಾತು ಕಿವಿಗೆ ಬಿದ್ದಿದ್ದು ಅದೇ ಮೊದಲು. ಅಷ್ಟು ದಪ್ಪದ ಹಸ್ತಪ್ರತಿಯನ್ನು ಒಂದು ಇಡೀ ಮಂಡಳಿ ಎರಡೇ ದಿನದಲ್ಲಿ ಓದಿ ಮುಗಿಸಿದ್ದು ಹೇಗೆ ಅನ್ನುವುದು ತಲೆಗೆ ಹೊಳೆಯಲೇ ಇಲ್ಲ. ಪತ್ತೇದಾರಿ ಬರೆಯುವವನು ನಾನು, ನೋಡಿ.

ಆಮೇಲೆ ಪ್ಯಾಕೇಜ್ ಮಾತು ಬಂತು. ಬೆಳ್ಳಿ, ಬಂಗಾರ, ಪ್ಲಾಟಿನಂ. "ಇದು ಖರ್ಚಲ್ಲ ಸರ್, ನಿಮ್ಮ ಪಾಲಿನ ಹೂಡಿಕೆ" ಅಂದ ಹುಡುಗ. ನಾನು ಸ್ವಲ್ಪ ಹಿಂದೆಮುಂದೆ ನೋಡಿದಾಗ ಇಂಗ್ಲೆಂಡಿನ ಮಕ್ಕಳ ಕಥೆಗಾರ್ತಿ ಬಿಯಾಟ್ರಿಕ್ಸ್ ಪಾಟರ್ ಕಥೆ ಹೇಳಿದ. ಅವರು 1901ರಲ್ಲಿ ತಮ್ಮ ಮೊಲದ ಕಥೆಯನ್ನು ಸ್ವಂತ ದುಡ್ಡಿನಲ್ಲಿ 250 ಪ್ರತಿ ಅಚ್ಚು ಹಾಕಿಸಿದರು, ಮುಂದಿನ ವರ್ಷವೇ ಒಬ್ಬ ಪ್ರಕಾಶಕರು ಅದನ್ನು ತಂದರು ಅಂತ. ಕಥೆ ನಿಜವೇ. ಆದರೆ ಆ 250 ಪ್ರತಿ ಪಾಟರ್ ಅವರ ಕೈಗೇ ಬಂದಿದ್ದವು. ಪ್ರಕಾಶಕರ ಜೊತೆ ಮಾತಾಡಲು ಅವರು ಅಚ್ಚಿನವರ ಅಪ್ಪಣೆ ಕೇಳಬೇಕಿರಲಿಲ್ಲ. ಈ ಭಾಗವನ್ನು ಹುಡುಗ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಂಗಾರದ ಪ್ಯಾಕೇಜ್ ತಗೊಂಡೆ.

ದುಡ್ಡು ಕೊಟ್ಟಿದ್ದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಸ್ವಂತವಾಗಿ ಪುಸ್ತಕ ತರುವವರು ತಿದ್ದುವವರಿಗೆ, ಮುಖಪುಟ ಮಾಡುವವರಿಗೆ, ಪುಟ ಜೋಡಿಸುವವರಿಗೆ ಕೊಡಲೇಬೇಕು. ಕೊಟ್ಟ ಮೇಲೆ ಆ ಮುಖಪುಟ, ಆ ಫೈಲು ನಿಮ್ಮದಾಗಬೇಕು ಅಷ್ಟೇ. ನನ್ನ ದುಡ್ಡಿನಲ್ಲಿ ತಯಾರಾದದ್ದೆಲ್ಲ ಅವರದಾಯಿತು. ಒಪ್ಪಂದದ ಏಳನೇ ಪುಟದಲ್ಲಿ ಅದು ಸ್ಪಷ್ಟವಾಗೇ ಇತ್ತು. ನಾನು ಓದಿದ್ದು ಹಣ ಕಟ್ಟುವ ಕಂತುಗಳಿದ್ದ ಎರಡನೇ ಪುಟ ಮಾತ್ರ.

ಪುಸ್ತಕದ ಪೆಟ್ಟಿಗೆ ಬಂದಾಗ ಮೊದಲು ಕಣ್ಣಿಗೆ ಬಿದ್ದಿದ್ದು ಮುಖಪುಟ. ಕೊಡೆ ಹಿಡಿದು ಬೆನ್ನು ತೋರಿಸಿ ನಿಂತ ಹೆಂಗಸಿನ ನೆರಳು. ನನ್ನ ಕಥೆಯಲ್ಲಿ ಕೊಡೆ ಇಲ್ಲ, ಮಳೆಯೂ ಇಲ್ಲ. ಆಮೇಲೆ ಅವರ ಪುಸ್ತಕಗಳ ಪಟ್ಟಿ ತೆಗೆದು ನೋಡಿದೆ. ದೆವ್ವದ ಕಥೆಗಳಿಗೆ ಅದೇ ಹೆಂಗಸು, ಹಿನ್ನೆಲೆ ಕೆಂಪು. ಕವನ ಸಂಕಲನಕ್ಕೆ ಅದೇ ಹೆಂಗಸು, ಹಳದಿ. ಪ್ರೇಮ ಕಾದಂಬರಿಗೆ ಗುಲಾಬಿ, ನನಗೆ ನೀಲಿ. ಯಾವ ಬಗೆಯ ಪುಸ್ತಕವಾದರೂ ಒಂದೇ ಕೊಡೆ.

ಒಳಗೆ ತೆರೆದರೆ ಇನ್ನೂ ಚೆಂದ. ಪುಟಗಳು ಬೆನ್ನಿಗೆ ಅಂಟುವ ಕಡೆ ಜಾಗವೇ ಬಿಟ್ಟಿರಲಿಲ್ಲ. ಎಡಪುಟದ ಸಾಲುಗಳ ಕೊನೆ, ಬಲಪುಟದ ಸಾಲುಗಳ ಮೊದಲು ಸಂದಿಯೊಳಗೆ ಹೋಗಿದ್ದವು. ಒಂದು ಕಡೆ 'ಕೊಲೆಗಾರ' ಅನ್ನುವುದು 'ಲೆಗಾರ' ಆಗಿತ್ತು. ಸ್ಕೇಲ್ ಇಟ್ಟು ಅಳೆದೆ, ಕಾಲು ಇಂಚು. ನನ್ನ ಪುಸ್ತಕ 212 ಪುಟ. ಬರೆದವರೇ ಪುಸ್ತಕ ಹಾಕಿ ಮಾರುವ ಅಮೆಜಾನಿನ ತಾಣ ಕೆಡಿಪಿಯಲ್ಲಿ 151ರಿಂದ 300 ಪುಟದ ಪುಸ್ತಕಕ್ಕೆ ಒಳಗಡೆ ಕನಿಷ್ಠ ಅರ್ಧ ಇಂಚು ಬಿಡಲೇಬೇಕು ಅಂತ ನಿಯಮವಿದೆ. ಪುಟ ಜಾಸ್ತಿಯಾದಷ್ಟೂ ಬೆನ್ನು ದಪ್ಪ, ತೆರೆದುಕೊಳ್ಳುವುದು ಕಡಿಮೆ, ಆದ್ದರಿಂದ ಅಂಚು ಹೆಚ್ಚು ಬೇಕು. ಅಚ್ಚಿನ ಕೆಲಸದಲ್ಲಿ ಒಂದು ವಾರ ಇದ್ದವರಿಗೂ ಇದು ಗೊತ್ತಿರುತ್ತದೆ. ಒಂದು ಕರಡು ಪ್ರತಿ ಅಚ್ಚು ಹಾಕಿಸಿ ಕೈಯಲ್ಲಿ ಹಿಡಿದಿದ್ದರೆ ನನಗೂ ಗೊತ್ತಾಗುತ್ತಿತ್ತು. ಅವರು ಕಳಿಸಿದ್ದು ಪಿಡಿಎಫ್. ಪಿಡಿಎಫ್‌ಗೆ ಬೆನ್ನು ಎಲ್ಲಿರುತ್ತೆ?

ಹಿಂಬದಿಯ ಪರಿಚಯ ಓದಿದೆ. "ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬ ತನ್ನ ಜಾಣತನದಿಂದ ಕೊಲೆಯ ಜಾಲ ಭೇದಿಸುವ ರೋಚಕ ಕಥನ" ಅಂತಿತ್ತು. ನನ್ನ ಪೋಸ್ಟ್‌ಮ್ಯಾನ್ 14ನೇ ಪುಟದಲ್ಲಿ ಸಾಯುತ್ತಾನೆ. ಕೊಲೆಯಾಗುವವನೇ ಅವನು. ಸಂಪಾದಕ ಮಂಡಳಿ ಹದಿಮೂರು ಪುಟದಲ್ಲಿ ಸುಸ್ತಾಗಿತ್ತು ಅಂತ ಕಾಣುತ್ತೆ.

ಫೋನ್ ಮಾಡಿದೆ. "ಮುಂದಿನ ಮುದ್ರಣದಲ್ಲಿ ಸರಿ ಮಾಡೋಣ ಸರ್" ಅಂದ. ಹೊಸ ಫೈಲ್ ಹಾಕಲು ಬೇರೆ ಶುಲ್ಕ. ಇಲ್ಲೊಂದು ವಿಷಯ ಹೇಳಬೇಕು. ನನ್ನ ಪುಸ್ತಕ ಆರ್ಡರ್ ಬಂದಾಗ ಒಂದೊಂದೇ ಪ್ರತಿ ಅಚ್ಚಾಗುವ ಬಗೆಯದು. ಗೋದಾಮಿನಲ್ಲಿ ಸಾವಿರ ಪ್ರತಿ ಕೂತಿರುವುದಿಲ್ಲ. ಫೈಲ್ ಬದಲಿಸಿದರೆ, ಪರಿಶೀಲನೆ ಮುಗಿದ ಮೇಲೆ ಅಚ್ಚಾಗುವ ಪ್ರತಿಯೇ ಸರಿಯಾಗಿರುತ್ತದೆ. 'ಮುಂದಿನ ಮುದ್ರಣ' ಅನ್ನುವ ಮಾತಿಗೆ ಅಲ್ಲಿ ಅರ್ಥವೇ ಇಲ್ಲ.

ಇಷ್ಟರ ಮಧ್ಯೆ ನಾನು ಒಂದು ಮಧ್ಯಾಹ್ನದ ಮಟ್ಟಿಗೆ 'ನಂಬರ್ ಒನ್ ಬೆಸ್ಟ್ ಸೆಲ್ಲರ್' ಲೇಖಕನೂ ಆದೆ! ಪದಕದ ಚಿತ್ರ ಬಂತು, ಮನೆಯವರೆಲ್ಲ ಹಂಚಿಕೊಂಡರು. ಯಾವ ವಿಭಾಗದಲ್ಲಿ ಅಂತ ಮಾರನೇ ದಿನ ನೋಡಿದೆ. ಅಂಚೆಚೀಟಿ ಸಂಗ್ರಹ. ಪೋಸ್ಟ್‌ಮ್ಯಾನ್ ಇದ್ದಾನಲ್ಲ, ಅದಕ್ಕೆ! ಆನ್‌ಲೈನ್ ಅಂಗಡಿಯ ಪಟ್ಟಿ ಗಳಿಗೆಗೊಮ್ಮೆ ಏರಿಳಿಯುವಂಥದ್ದು. ಯಾರೂ ಸುಳಿಯದ ಚಿಕ್ಕ ವಿಭಾಗವಾದರೆ ಬೆರಳೆಣಿಕೆಯ ಪ್ರತಿ ಸಾಕು ಮೇಲಕ್ಕೆ ಹೋಗೋಕೆ. ಅವತ್ತು ನನ್ನ ಬಂಧುಗಳು ನಾಲ್ಕು ಪ್ರತಿ ಕೊಂಡಿದ್ದರು. ಪತ್ತೇದಾರಿ ಕಥೆ ಹುಡುಕುವ ಓದುಗ ಅಂಚೆಚೀಟಿಯ ಕಪಾಟಿಗೆ ಯಾಕೆ ಬರುತ್ತಾನೆ? ಅತ್ತ ಅಂಚೆಚೀಟಿ ಪ್ರಿಯರೊಬ್ಬರು ಕೊಂಡು, ಒಂದು ಸ್ಟಾರ್ ಕೊಟ್ಟು, "ಚೀಟಿಗಳ ಬಗ್ಗೆ ಏನೂ ಇಲ್ಲ" ಅಂತ ಬರೆದರು. ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ.

ಆರು ತಿಂಗಳಿಗೆ ಲೆಕ್ಕಪತ್ರ ಬಂತು. ಮಾರಾಟ 3. ನನಗೆ ಗೊತ್ತಿದ್ದವರೇ ಹನ್ನೊಂದು ಜನ ಕೊಂಡಿದ್ದರು. ರಸೀದಿಯ ಚಿತ್ರ ನನ್ನ ಹತ್ತಿರ ಇತ್ತು. ಕೇಳಿದರೆ "ಸಿಸ್ಟಂನಲ್ಲಿ ಅಪ್‌ಡೇಟ್ ಆಗಬೇಕು ಸರ್." ಲಾಗಿನ್ ಕೊಡಿ, ನಾನೇ ನೋಡಿಕೊಳ್ತೀನಿ ಅಂದೆ. ಅದು ಕಂಪನಿ ಪಾಲಿಸಿಗೆ ವಿರುದ್ಧವಂತೆ.

ನಾನು ಎಡವಿದ್ದು ಇಲ್ಲೇ. ಪುಸ್ತಕ ಮಾರುವ ಖಾತೆ ಅವರ ಹೆಸರಿನಲ್ಲಿತ್ತು. ಕೆಡಿಪಿಯಂಥ ಕಡೆ ಖಾತೆ ತೆರೆಯಲು ದುಡ್ಡು ಕೊಡಬೇಕಾಗಿಲ್ಲ. ಯಾರು ಬೇಕಾದರೂ ತೆರೆಯಬಹುದು. ತೆರೆದವರಿಗೆ ಎಷ್ಟು ಪ್ರತಿ ಹೋಯಿತು ಅಂತ ಕಾಣುತ್ತದೆ, ದುಡ್ಡು ನೇರ ಅವರ ಬ್ಯಾಂಕಿಗೆ ಬೀಳುತ್ತದೆ. ಅಲ್ಲಿ ಇ-ಪುಸ್ತಕಕ್ಕೆ ಆಯ್ಕೆ ನೋಡಿ ಶೇಕಡಾ 35 ಅಥವಾ 70 ಪಾಲು ಸಿಗುತ್ತದೆ. ನನ್ನ ಒಪ್ಪಂದದಲ್ಲಿ ಇದ್ದದ್ದು 'ನಿವ್ವಳ ಆದಾಯದ ಅರ್ಧ'. ಅಂದರೆ ಆ ಪಾಲು ಮೊದಲು ಅವರಿಗೆ ಹೋಗಿ, ಅದರಲ್ಲಿ ಅವರು ಏನೇನೋ ಖರ್ಚು ಕಳೆದು, ಉಳಿದಿದ್ದರಲ್ಲಿ ಅರ್ಧ ನನಗೆ. ನಿವ್ವಳ ಅಂದರೆ ಏನು ಅನ್ನುವ ವಿವರ ಒಪ್ಪಂದದ ಯಾವ ಪುಟದಲ್ಲೂ ಇರಲಿಲ್ಲ.

ಖಾತೆ ಕೈಯಲ್ಲಿಲ್ಲದಿದ್ದರೆ ಇನ್ನೊಂದು ಅಪಾಯವೂ ಇದೆ. ಅವರು ನನ್ನ ಇ-ಪುಸ್ತಕವನ್ನು ಕೆಡಿಪಿ ಸೆಲೆಕ್ಟ್ ಅನ್ನುವ ಅಮೆಜಾನಿನ ಯೋಜನೆಗೆ ಸೇರಿಸಿದ್ದರು, ನನ್ನನ್ನು ಕೇಳದೆ. ಅದಕ್ಕೆ ಸೇರಿಸಿದರೆ 90 ದಿನ ಆ ಇ-ಪುಸ್ತಕ ಬೇರೆಲ್ಲೂ ಇರಬಾರದು, ತಾವಾಗಿ ತೆಗೆಯದಿದ್ದರೆ ಮತ್ತೆ 90 ದಿನಕ್ಕೆ ಮುಂದುವರಿಯುತ್ತದೆ. ನಾನು ಪಾಪ, ಇಡೀ ಕಾದಂಬರಿಯನ್ನು ಕಂತುಕಂತಾಗಿ ಸ್ನೇಹಿತರಿಗೆ ಓದಲು ನೆಟ್‌ನಲ್ಲಿ ಹಾಕುತ್ತಾ ಕೂತಿದ್ದೆ. ಎಚ್ಚರಿಕೆಯ ಮೇಲ್ ಬಂದಿದ್ದು ಖಾತೆಯವರಿಗೆ. ಅವರು ನನಗೆ ಹೇಳಲಿಲ್ಲ. ಒಂದು ದಿನ ನೋಡಿದರೆ ಇ-ಪುಸ್ತಕ ಮಾಯ.

ಅವತ್ತು ರಾತ್ರಿ ಸುಮ್ನೆ 112ನೇ ಪುಟ ನೋಡುತ್ತಾ ಕೂತಿದ್ದಾಗ ಆ ಪ್ರೇಮ ಕಾದಂಬರಿಯ ಹೆಸರನ್ನು ಹುಡುಕಿದೆ. ಸಿಕ್ಕಿತು. ಗುಲಾಬಿ ಹಿನ್ನೆಲೆ, ಅದೇ ಕೊಡೆ. ಲೇಖಕಿಯ ಪರಿಚಯದ ಕೆಳಗೆ ಮೇಲ್ ವಿಳಾಸ ಇತ್ತು. ಬರೆದೆ. ಮಾರನೇ ದಿನ ಅವರೇ ಫೋನ್ ಮಾಡಿದರು.

"ಮೇಡಂ, ನಿಮ್ಮ ಪುಸ್ತಕದ ಹೆಸರು ನನ್ನ ಪುಸ್ತಕದೊಳಗೆ ಬಂದುಬಿಟ್ಟಿದೆ" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು. "ಹಾಗಾದರೆ ಅವನು ನಿಮ್ಮವನಾ ಸರ್? ನನ್ನ ಹುಡುಗಿ ಮದುವೆಗೆ ಹ್ಞೂಂ ಅಂದ ಮುಂದಿನ ಪುಟದಲ್ಲಿ ಒಬ್ಬ ಇನ್ಸ್‌ಪೆಕ್ಟರ್ ಬಂದು ಹೆಣ ಎಲ್ಲಿ ಅಂತ ಕೇಳ್ತಾನೆ."

ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆಮೇಲೆ ಅವರು ಪ್ಲಾಟಿನಂ ತಗೊಂಡಿದ್ದರು ಅಂತ ಗೊತ್ತಾಗಿ ನಗು ನಿಂತಿತು. ಅವರ ಪ್ಯಾಕೇಜಿನಲ್ಲಿ 'ಅಂತರರಾಷ್ಟ್ರೀಯ ಪುಸ್ತಕ ಮೇಳದಲ್ಲಿ ಪ್ರದರ್ಶನ' ಇತ್ತು. ಮೇಜಿನ ಮೇಲೆ ಅವರ ಪುಸ್ತಕ ನಿಂತಿರುವ ಫೋಟೋವನ್ನು ಕಂಪನಿಯವರು ಕಳಿಸಿದ್ದರು. ಅದೇ ಮೇಜು, ಅದೇ ಹೂದಾನಿ, ಹಿಂದೆ ಅದೇ ನೀಲಿ ಅಂಗಿಯವನ ಅರ್ಧ ಮುಖ, ಮಧ್ಯದಲ್ಲಿ ದೆವ್ವದ ಕಥೆಗಳು ಇರುವ ಇನ್ನೊಂದು ಫೋಟೋವನ್ನು ನಾನು ಕಂಪನಿಯ ಜಾಹೀರಾತಿನಲ್ಲಿ ನೋಡಿದ್ದೆ. ಪುಸ್ತಕವನ್ನು ಕಂಪ್ಯೂಟರಿನಲ್ಲಿ ಕೂರಿಸಿದ್ದು. ಇಪ್ಪತ್ತೈದು ಐದು-ಸ್ಟಾರ್ ವಿಮರ್ಶೆಯೂ ಪ್ಯಾಕೇಜಿನಲ್ಲಿತ್ತಂತೆ. ಬಂದವು, ಎರಡೇ ವಾರದಲ್ಲಿ ಅಂಗಡಿಯವರು ಎಲ್ಲವನ್ನೂ ಅಳಿಸಿದರು. ಜೊತೆಗೆ ನಿಜವಾದ ಓದುಗರೊಬ್ಬರು ಬರೆದಿದ್ದ ಒಳ್ಳೆಯ ವಿಮರ್ಶೆಯೂ ಹೋಯಿತು. ಅದರ ದುಃಖವೇ ಅವರಿಗೆ ಜಾಸ್ತಿ. ದುಡ್ಡಿನ ವಿಮರ್ಶೆ ಅಂಗಡಿಯ ನಿಯಮಕ್ಕೆ ವಿರುದ್ಧ ಅನ್ನುವುದಷ್ಟೇ ಅಲ್ಲ, ಅಮೆರಿಕದಲ್ಲಿ 2024ರ ಅಕ್ಟೋಬರ್‌ನಿಂದ ಸುಳ್ಳು ವಿಮರ್ಶೆ ಮಾರುವುದು, ಕೊಳ್ಳುವುದರ ಮೇಲೆ ನೇರ ನಿಯಮವೇ ಇದೆ.

ಒಪ್ಪಂದದಿಂದ ಹೊರಗೆ ಬರೋಣ ಅಂತ ಇಬ್ಬರೂ ಸೇರಿ ಕಂಪನಿಗೆ ಪತ್ರ ಬರೆದೆವು. ಅವರು ಹೆದರಿಸಿದ್ದು ಐಎಸ್‌ಬಿಎನ್ ಹಿಡಿದು. "ನಂಬರ್ ನಮ್ಮದು, ಅಂದಮೇಲೆ ಪುಸ್ತಕ ನಮ್ಮದು." ನಾನು ಎರಡು ದಿನ ನಿದ್ದೆಗೆಟ್ಟೆ. ಆಮೇಲೆ ತಿಳಿಯಿತು, ಇದು ಶುದ್ಧ ಬೊಗಳೆ. ಐಎಸ್‌ಬಿಎನ್ ಅನ್ನುವುದು ಒಂದು ಆವೃತ್ತಿಯ ಗುರುತಿನ ಸಂಖ್ಯೆ, ಅಷ್ಟೇ. 2007ರಿಂದ ಅದಕ್ಕೆ 13 ಅಂಕಿ, ಶುರುವಿಗೆ 978 ಅಥವಾ 979. ಮಧ್ಯದ ಕೆಲವು ಅಂಕಿ ಯಾವ ಪ್ರಕಾಶಕರಿಗೆ ಕೊಟ್ಟಿದ್ದು ಅಂತ ಹೇಳುತ್ತವೆ. ಹಾಗಾಗಿ ಆ ನಂಬರನ್ನು ನಾನು ಹೊತ್ತುಕೊಂಡು ಹೋಗಲಾಗದು ನಿಜ. ಹೊಸ ಆವೃತ್ತಿಗೆ ಹೊಸ ನಂಬರ್ ತಗೊಂಡರಾಯಿತು, ಕೆಲವು ದೇಶಗಳಲ್ಲಿ ಅದು ಉಚಿತ. ಬರೆದವನ ಹಕ್ಕು ನಂಬರಿನಿಂದ ಬರುವುದಿಲ್ಲ. ಲೇಖಕರ ಹಕ್ಕಿನ ಬಗ್ಗೆ ದೇಶದೇಶಗಳು ಮಾಡಿಕೊಂಡ 1886ರ ಬರ್ನ್ ಒಪ್ಪಂದದ ಪ್ರಕಾರ ನಡೆಯುವ ದೇಶಗಳಲ್ಲೆಲ್ಲ, ಬರೆದಾಗಲೇ ಹಕ್ಕು ಬರೆದವರದು, ನೋಂದಣಿ ಬೇಕಾಗಿಲ್ಲ. ಆ ಹಕ್ಕನ್ನು ನಾವೇ ಸಹಿ ಹಾಕಿ ಬರೆದುಕೊಟ್ಟಿದ್ದೇವಾ ಅನ್ನುವುದನ್ನು ಮಾತ್ರ ಒಪ್ಪಂದದಲ್ಲಿ ನೋಡಬೇಕು. ನನ್ನ ಪುಣ್ಯ, ಅದರಲ್ಲಿ ಮೂರು ತಿಂಗಳ ನೋಟಿಸ್ ಕೊಟ್ಟು ಬಿಡಿಸಿಕೊಳ್ಳಬಹುದು ಅಂತ ಒಂದು ಸಾಲಿತ್ತು. ಮೇಡಂ ಅವರ ಪ್ಲಾಟಿನಂ ಒಪ್ಪಂದದಲ್ಲಿ ಆ ಸಾಲಿನ ಜಾಗದಲ್ಲಿ 'ಹಕ್ಕುಸ್ವಾಮ್ಯದ ಪೂರ್ಣ ಅವಧಿಗೆ' ಅಂತಿದೆ. ಅವರು ವಕೀಲರನ್ನು ಹಿಡಿದಿದ್ದಾರೆ, ಇನ್ನೂ ಓಡಾಡುತ್ತಿದ್ದಾರೆ.

ಪುಟ ಜೋಡಿಸಿದ ಫೈಲ್ ಕೊಡಲಿಲ್ಲ. ಕೊಟ್ಟಿದ್ದರೂ ಆ ಕಾಲು ಇಂಚಿನ ಅಂಚು ಯಾರಿಗೆ ಬೇಕು? ನನ್ನ ಮೂಲ ಫೈಲಿನಿಂದ ಹೊಸದಾಗಿ ಮಾಡಿಸುತ್ತಿದ್ದೇನೆ. ಖಾತೆ ನನ್ನದು, ನಂಬರ್ ನನ್ನದು, ವಿಭಾಗ ಪತ್ತೇದಾರಿ.

ಈಗ ಯಾರಾದರೂ ಪ್ಯಾಕೇಜ್ ತಗೊಳ್ಳಲಾ ಅಂತ ಕೇಳಿದರೆ ನಾನು ತಿರುಗಿ ಕೇಳುವುದು, ಲಾಗಿನ್ ಯಾರ ಹೆಸರಲ್ಲಿ? ಆಮೇಲೆ ಅವರು ಮಾಡಿದ ಯಾವುದಾದರೂ ಒಂದು ಪುಸ್ತಕವನ್ನು ಗಿರಾಕಿಯ ಹಾಗೆ ಕೊಂಡು ನೋಡಿ ಅನ್ನುತ್ತೇನೆ. ಮಧ್ಯದ ಪುಟ ತೆರೆದು ಸಂದಿ ನೋಡಿ, ಪುಟಗಳ ನೆತ್ತಿ ನೋಡಿ. ಅವರು ಕೊಡುವ ಮೂರು 'ಸಂತೃಪ್ತ ಲೇಖಕರ' ನಂಬರಿಗೆ ಫೋನ್ ಮಾಡಬೇಡಿ. ಪಟ್ಟಿಯಲ್ಲಿ ನೀವೇ ಆರಿಸಿದ ಇಬ್ಬರಿಗೆ ಬರೆಯಿರಿ. ಇಂಗ್ಲಿಷ್ ಓದುವವರು ರೈಟರ್ ಬಿವೇರ್ ಅನ್ನುವ ಜಾಲತಾಣ ನೋಡಬಹುದು. 1998ರಿಂದ ಇಂಥ ವರಸೆಗಳನ್ನೇ ಬಯಲಿಗೆಳೆಯುತ್ತಾ ಬಂದಿದೆ. ನಾನು ಮೂರು ವರ್ಷ ಮೊದಲೇ ನೋಡಬೇಕಿತ್ತು.

ಹೆಸರಿಲ್ಲದವರು ಸ್ವಂತ ತಂದ ಪುಸ್ತಕ ಅಂದರೆ ಹೀಗೇ ಅಂತ ಮಾತ್ರ ದಯವಿಟ್ಟು ತಿಳಿಯಬೇಡಿ. ನಾನು ಅಂಥವನ್ನೇ ಹುಡುಕಿ ಓದುತ್ತೇನೆ. ಮೇಡಂ ಅವರ ಕಾದಂಬರಿಯನ್ನೂ ಓದಿದೆ, ಇನ್ಸ್‌ಪೆಕ್ಟರ್ ಬಿಟ್ಟರೆ ಬಹಳ ಚೆನ್ನಾಗಿದೆ.

ಒಮ್ಮೆ ದುಡ್ಡು ಬಿಚ್ಚಿದವರ ಹೆಸರು ಎಲ್ಲೆಲ್ಲಿ ಓಡಾಡುತ್ತೋ ಗೊತ್ತಿಲ್ಲ, ಈಗ ವಾರಕ್ಕೊಂದು ಹೊಸ ಮೇಲ್ ಬರುತ್ತದೆ. ಒಬ್ಬರು ಸಿನಿಮಾ ಏಜೆಂಟ್, ಇನ್ನೊಬ್ಬರು ಸಾವಿರಾರು ಸದಸ್ಯರ ಓದುಗರ ಬಳಗ. ಹೊಗಳಿಕೆ ಮಾತ್ರ ಬೆಣ್ಣೆ. ಯಂತ್ರವೇ ಬರೆದಿರಬೇಕು, ಮನುಷ್ಯರು ಇಷ್ಟೊಂದು ಹೊಗಳುವುದಿಲ್ಲ. ಕೊನೆಯಲ್ಲಿ ಸಣ್ಣದೊಂದು 'ನೋಂದಣಿ ಶುಲ್ಕ'. ನಿನ್ನೆ ಬಂದಿದ್ದರಲ್ಲಿ ಹೀಗಿತ್ತು: "ಕೊನೆಯ ಅಧ್ಯಾಯದಲ್ಲಿ ನಿಮ್ಮ ಪೋಸ್ಟ್‌ಮ್ಯಾನ್ ಕೊಲೆಗಾರನನ್ನು ಎದುರಿಸುವ ಧೈರ್ಯ ಕಂಡು ನಮ್ಮ ಬಳಗದ ಕಣ್ಣು ಒದ್ದೆಯಾಯಿತು."