ಡಾಕ್ಸಿ ಮಾತ್ರೆ ನುಂಗಿ ಅಡಿಕೆ ಹರವಲು ಹೋಗಬೇಡಿ

ಡಾಕ್ಸಿಸೈಕ್ಲಿನ್ (ಡಾಕ್ಸಿ) ಎಂಬ ಆಂಟಿಬಯೋಟಿಕ್ ಮಾತ್ರೆ ತೆಗೆದುಕೊಳ್ಳುತ್ತಿರುವವರು, ಅದರಲ್ಲೂ ತೋಟದ ಕೆಲಸ ಇರುವವರು ಇದನ್ನು ಓದಿ.

ನಮ್ಮದು ಸಾಗರದ ಕಡೆ. ಡಿಸೆಂಬರ್‌ನಲ್ಲಿ ಜ್ವರ ಬಂತು, ಡಾಕ್ಟರು ಇಲಿ ಜ್ವರ ಇರಬಹುದು ಎಂದು ಡಾಕ್ಸಿ 100 ಎಂಜಿ ದಿನಕ್ಕೆರಡರಂತೆ 7 ದಿನ ಬರೆದರು. ಮೂರನೇ ದಿನ ಜ್ವರ ಇಳಿಯಿತು. ಕೊಯ್ಲಿನ ಸಮಯ, ಬೇಯಿಸಿದ ಅಡಿಕೆ ಹರವುವವರು ಯಾರು? ಮೆಡಿಕಲ್ ಶಾಪಿನ ಹುಡುಗನಿಗೆ ಬಿಸಿಲಲ್ಲಿ ಕೆಲಸ ಇದೆ ಎಂದೆ. ಅವನು "ಅಕ್ಕಾ, ಈ ಮಾತ್ರೆಗೆ ಬಿಸಿಲು ಆಗಲ್ಲ, ಜೊತೆಗೆ ಈ ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲ್ ತಗೊಳ್ಳಿ, ವಿಟಮಿನ್ ಸಿ, ಇ ಎರಡೂ ಇದೆ, ಏನೂ ಆಗಲ್ಲ" ಎಂದ. ನಂಬಿದೆ.

ಮರುದಿನ ಎರಡು ತಾಸು ಅಂಗಳದಲ್ಲಿದ್ದೆ, ಅಷ್ಟೇ. ಸಂಜೆಗೆ ಮೂಗು, ಕತ್ತಿನ ಹಿಂದೆ, ಅಂಗೈ ಹಿಂಬದಿ ಎಲ್ಲಾ ಬಿಸಿ ಎಣ್ಣೆ ಸಿಡಿದ ಹಾಗೆ ಉರಿ. ಬಳೆಯ ಅಡಿಯಲ್ಲಿ ಮಾತ್ರ ಚರ್ಮ ಮೊದಲಿನಂತೆಯೇ ಇತ್ತು, ಆಗಲೇ ಗೊತ್ತಾಯಿತು ಇದು ಬಿಸಿಲಿನದೇ ಕೆಲಸ ಎಂದು. ಕಪ್ಪು ಚರ್ಮಕ್ಕೆ ಏನೂ ಆಗಲ್ಲ ಅಂತ ಅತ್ತೆ ಹೇಳುತ್ತಿದ್ದರು, ಸುಳ್ಳು.

ಡಾಕ್ಟರ ಬಳಿ ಓಡಿದೆ. ಅವರು ಬಿಡಿಸಿ ಹೇಳಿದರು: ಚರ್ಮದಲ್ಲಿರುವ ಔಷಧಿ ಬಿಸಿಲಿನ ಯುವಿ-ಎ ಕಿರಣ ಹೀರಿ, ಆಮ್ಲಜನಕದ ಉಗ್ರ ರೂಪಗಳನ್ನು ಹುಟ್ಟಿಸುತ್ತದೆ, ಸುಡುವುದು ಅದು. ವಿಟಮಿನ್ ಸಿ, ಇ ಅಂಥದ್ದನ್ನು ತಣಿಸುತ್ತವೆ, ಹಾಗಾಗಿ ಹುಡುಗ ಹೇಳಿದ್ದು ಕೇಳಲು ಸರಿ ಅನಿಸುತ್ತದೆ. ಆದರೆ ಹಲವು ದಿನ ಎರಡನ್ನೂ ಒಟ್ಟಿಗೆ ನುಂಗಿದರೆ ಮಾಮೂಲಿ ಬಿಸಿಲಿನ ಕೆಂಪು ಸ್ವಲ್ಪ ತಡವಾಗಬಹುದು, ಅಷ್ಟೇ. ಡಾಕ್ಸಿಯ ಉರಿಗೆ ಅದು ಕೊಡೆ ಅಲ್ಲ, ಒಂದು ದಿನ ನುಂಗಿದರಂತೂ ಅಲ್ಲವೇ ಅಲ್ಲ.

ಸಿಟ್ಟು ಬಂದದ್ದು ಆಮೇಲೆ. ಅವರು ಕ್ಯಾಪ್ಸೂಲಿನ ಪಟ್ಟಿ ತಿರುಗಿಸಿ ನೋಡಿದರು, ಅದರಲ್ಲಿ ಜಿಂಕ್ ಇತ್ತು! ಜಿಂಕ್, ಕಬ್ಬಿಣ, ಕ್ಯಾಲ್ಸಿಯಂ ಹೊಟ್ಟೆಯಲ್ಲಿ ಡಾಕ್ಸಿಯನ್ನು ಹಿಡಿದುಕೊಂಡು ರಕ್ತಕ್ಕೆ ಸರಿಯಾಗಿ ಸೇರಲು ಬಿಡುವುದಿಲ್ಲವಂತೆ. ಅಂದರೆ ಚರ್ಮ ಉಳಿಸಲು ತಂದದ್ದು ಜ್ವರದ ಔಷಧಿಗೇ ಅಡ್ಡ.

ಹಾಗಂತ ಹೆದರಿ ನೀವಾಗಿಯೇ ಡಾಕ್ಸಿ ನಿಲ್ಲಿಸಬೇಡಿ, ಇಲಿ ಜ್ವರ ಕಿಡ್ನಿ, ಲಿವರ್‌ಗೆ ಹೋಗುತ್ತದೆ. ಡಾಕ್ಟರನ್ನು ಕೇಳಿ, ನನಗೆ ಉಳಿದ ದಿನಗಳಿಗೆ ಬೇರೆ ಮಾತ್ರೆ ಬರೆದರು. ತುಂಬು ತೋಳು, ಅಗಲ ಟೋಪಿ, ಮುಖ ಕೈಗೆ ಯುವಿ-ಎ ತಡೆಯುವ ಸನ್‌ಸ್ಕ್ರೀನ್ ಬೇಕು. ಯುವಿ-ಎ ಕಿಟಕಿ ಗಾಜು ದಾಟಿಯೂ ಬರುತ್ತದೆ, ಬಸ್ಸಲ್ಲಿ ಬಿಸಿಲ ಬದಿ ಕೂರಬೇಡಿ. ಕೆಲವರಿಗೆ ಸಿಪ್ರೋಫ್ಲಾಕ್ಸಾಸಿನ್, ಸಲ್ಫಾ ಮಾತ್ರೆಗಳಲ್ಲೂ ಹೀಗಾಗುತ್ತದೆ.

ಕೈ ವಾಸಿಯಾಯಿತು. ಆದರೆ ಎರಡು ವಾರ ಬಿಟ್ಟು ಹೆಬ್ಬೆರಳ ಉಗುರು ತುದಿಯಿಂದ ಎದ್ದಿತು, ಅದೂ ಇದರದೇ ಬಾಕಿಯಂತೆ. ಇನ್ನೂ ಅರ್ಧವೇ ಬೆಳೆದಿದೆ, ಪಾತ್ರೆ ತಿಕ್ಕುವಾಗ ತಾಗಿದರೆ ಜೀವ ಹೋಗುತ್ತದೆ.