ಅಪ್ಪನ ಪದಬಂಧಕ್ಕೆ ಅಂತ ಹಳೇ ಗೇಮ್ ತಗೊಳ್ಳುವ ಮುಂಚೆ ಇದನ್ನು ಓದಿ

ಸೆಕೆಂಡ್ ಹ್ಯಾಂಡ್ ನಿಂಟೆಂಡೊ ಡಿಎಸ್, ಅಂದರೆ ನಿಂಟೆಂಡೊ ಕಂಪನಿಯ ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರ, ತಗೊಳ್ಳೋಣ ಅಂತ ಯೋಚನೆ ಇದೆಯಾ? ಅದೂ ಮನೆಯ ಹಿರಿಯರಿಗೆ ಪದಬಂಧ ಆಡಲು? ಹಾಗಿದ್ದರೆ ದುಡ್ಡು ಕೊಡುವ ಮುಂಚೆ ಸ್ವಲ್ಪ ತಾಳಿ. ನಾನು ತಾಳಲಿಲ್ಲ. 7,500 ರೂಪಾಯಿ ಹೋಯಿತು, ಅಪ್ಪನ ಹತ್ತಿರ ಬೈಸಿಕೊಂಡಿದ್ದು ಬೇರೆ.

ಅಪ್ಪ ರಿಟೈರ್ಡ್ ಇಂಗ್ಲಿಷ್ ಮೇಷ್ಟ್ರು. ಬೆಳಿಗ್ಗೆ ಕಾಫಿ ಜೊತೆ ಕನ್ನಡ ಪೇಪರಿನ ಪದಬಂಧ, ಊಟ ಆದ ಮೇಲೆ ಇಂಗ್ಲಿಷ್ ಪೇಪರಿನದು. ಎರಡೂ ಮುಗಿದರೆ ಸಂಜೆವರೆಗೂ ಮನೆ ತುಂಬಾ ಸುಮ್ನೆ ಓಡಾಟ. ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟೆ. ಎರಡು ಸುಳಿವಿಗೊಂದು ಜಾಹೀರಾತು, ನಡುವೆ ಸಾಲ ಬೇಕಾ ಅಂತ ಯಾರದೋ ಫೋನು. "ಇದು ಬೇಡ ಪುಟ್ಟಿ, ಕೈಯಲ್ಲಿ ಬರೆಯೋ ಹಾಗಿರಬೇಕು" ಅಂದರು.

ಆಗ ನೆನಪಾಗಿದ್ದು ಡಿಎಸ್. 2004ರಲ್ಲಿ ಬಂದ ಯಂತ್ರ. ಪುಸ್ತಕದ ಹಾಗೆ ಮಡಚಬಹುದು, ಒಳಗೆ ಎರಡು ಪರದೆ. ಕೆಳಗಿನ ಪರದೆಯ ಮೇಲೆ ಪ್ಲಾಸ್ಟಿಕ್ ಕಡ್ಡಿಯಲ್ಲಿ ಅಕ್ಷರ ಬರೆದರೆ ಅದೇ ಗುರುತು ಹಿಡಿಯುತ್ತದೆ. 2007-08ರ ಹೊತ್ತಿಗೆ ಅಮೆರಿಕದಲ್ಲಿ ಇದಕ್ಕೆ ಅಂತಲೇ ಇಂಗ್ಲಿಷ್ ಕ್ರಾಸ್‌ವರ್ಡ್ ಕಾರ್ಟ್ರಿಜ್‌ಗಳು, ಅಂದರೆ ಯಂತ್ರಕ್ಕೆ ಸಿಕ್ಕಿಸುವ ಆಟದ ಚಿಕ್ಕ ಬಿಲ್ಲೆಗಳು, ಬಂದಿದ್ದವು. ಇಂಟರ್ನೆಟ್ ಬೇಡ, ಜಾಹೀರಾತಿಲ್ಲ. ಅಪ್ಪನಿಗೆ ಹೇಳಿ ಮಾಡಿಸಿದ ಹಾಗಿದೆ ಅನ್ನಿಸಿತು. ಕನ್ನಡದ್ದು ಸಿಗಲಿಲ್ಲ, ಅದು ಬೇರೆ ಮಾತು.

ಆನ್‌ಲೈನಿನಲ್ಲಿ ಒಬ್ಬರು ಡಿಎಸ್ ಲೈಟ್ ಅನ್ನುವ ಅದರ ಆಮೇಲಿನ ಮಾದರಿ ಮಾರಾಟಕ್ಕೆ ಹಾಕಿದ್ದರು. ಚಾರ್ಜರ್, ಕ್ರಾಸ್‌ವರ್ಡ್ ಕಾರ್ಟ್ರಿಜ್ ಎಲ್ಲ ಸೇರಿ. "ಪಕ್ಕಾ ಒರಿಜಿನಲ್ ಮೇಡಂ, ಯುಎಸ್‌ನಿಂದ ತಂದಿದ್ದು." ಮೆಟ್ರೋ ಸ್ಟೇಷನ್ ಮೆಟ್ಟಿಲ ಹತ್ತಿರ ಭೇಟಿ. ಆನ್ ಮಾಡಿ ತೋರಿಸಿದರು, ಲೈಟ್ ಬಂತು, ದುಡ್ಡು ಕೊಟ್ಟೆ. ಐದು ನಿಮಿಷದ ವ್ಯಾಪಾರ.

ಮೊದಲ ಪೆಟ್ಟು ಅವತ್ತೇ ರಾತ್ರಿ. ಚಾರ್ಜರಿನ ಪಿನ್ ಅಮೆರಿಕದ್ದು, ಚಪ್ಪಟೆ. ಹಾರ್ಡ್‌ವೇರ್ ಅಂಗಡಿಯಿಂದ 40 ರೂಪಾಯಿಯ ಪಿನ್ ಕನ್ವರ್ಟರ್ ತಂದು ಸಿಕ್ಕಿಸಿದೆ. ಟಪ್ ಅಂತು. ಸುಟ್ಟ ವಾಸನೆ. ಅಪ್ಪ ಸ್ವಿಚ್ ಆಫ್ ಮಾಡಿ, ಕನ್ನಡಕ ಏರಿಸಿ, ಚಾರ್ಜರಿನ ಬೆನ್ನಿನ ಮೇಲಿದ್ದ ಇರುವೆಯಷ್ಟು ಸಣ್ಣ ಅಕ್ಷರ ಗಟ್ಟಿಯಾಗಿ ಓದಿದರು: "ಇನ್‌ಪುಟ್ 120 ವೋಲ್ಟ್." ನಮ್ಮ ಮನೆಯಲ್ಲಿ ಬರುವುದು 230. ಮೊಬೈಲ್ ಚಾರ್ಜರ್‌ಗಳು 100ರಿಂದ 240ರವರೆಗೆ ಎಲ್ಲದಕ್ಕೂ ಹೊಂದಿಕೊಳ್ಳುತ್ತವಲ್ಲ, ಹಾಗಾಗಿ ಇದನ್ನೆಲ್ಲ ಓದುವ ಅಭ್ಯಾಸವೇ ನನಗೆ ತಪ್ಪಿಹೋಗಿದೆ. ಪಿನ್ ಕನ್ವರ್ಟರ್ ಪಿನ್ನಿನ ಆಕಾರ ಬದಲಾಯಿಸುತ್ತದೆ ಅಷ್ಟೇ, ವೋಲ್ಟೇಜ್ ಇಳಿಸುವುದಿಲ್ಲ. ಇದು ಪೂರ್ತಿ ನನ್ನ ತಪ್ಪು. ಪುಣ್ಯಕ್ಕೆ ಚಾರ್ಜರ್ ಮಾತ್ರ ಹೋಯಿತು, ಗೇಮ್ ಉಳಿಯಿತು. ಡಿಎಸ್ ಲೈಟಿನ ಚಾರ್ಜಿಂಗ್ ತೂತು ಬೇರೆ ಥರ. ಅದರ ಮುಂಚಿನ ಡಿಎಸ್‌ದೂ ಕೂರುವುದಿಲ್ಲ, ಆಮೇಲಿನ ಡಿಎಸ್‌ಐದೂ ಕೂರುವುದಿಲ್ಲ. ಅದಕ್ಕೇ ಇರುವ ಯುಎಸ್‌ಬಿ ಕೇಬಲ್ ತರಿಸಿದೆ.

ಆಮೇಲೆ ಮೂರು ವಾರ ಚೆನ್ನಾಗಿಯೇ ಇತ್ತು. ಶುರುವಿನಲ್ಲಿ ಬರೆದಿದ್ದು ಒಂದು, ಬೀಳುತ್ತಿದ್ದುದು ಇನ್ನೊಂದು. ಅಪ್ಪನ ಮೇಷ್ಟ್ರ ಕೈಬರಹದ ಕೂಡಕ್ಷರ ಅದಕ್ಕೆ ಅರ್ಥವಾಗಲಿಲ್ಲ. ಸೆಟ್ಟಿಂಗ್ಸಿಗೆ ಹೋಗಿ ಟಚ್ ಸರಿಮಾಡಿ, ಬಿಡಿ ಬಿಡಿ ದೊಡ್ಡಕ್ಷರ ಬರೆದ ಮೇಲೆ ದಾರಿಗೆ ಬಂತು. ಪರದೆ ಮೂರೇ ಇಂಚು, ಆದರೂ ಅವರಿಗೆ ಅದೇನೂ ತೊಂದರೆ ಅನ್ನಿಸಲಿಲ್ಲ. ಜಗಳವಿದ್ದಿದ್ದು ಅಮೆರಿಕದ ಜೊತೆ. 'ಕಲರ್' ಬರೆಯಬೇಕು, ಅಪ್ಪನ ಪ್ರಕಾರ ಆರು ಅಕ್ಷರ, ಅಲ್ಲಿರುವ ಮನೆ ಐದೇ. ಅವರು 'ಯು' ಬಿಟ್ಟು ಬರೆಯುತ್ತಾರಲ್ಲ. "ಇವರ ಸ್ಪೆಲ್ಲಿಂಗಿಗೆ ನಾನು ಮಾರ್ಕ್ಸ್ ಕೊಡ್ತಿರಲಿಲ್ಲ" ಅಂತ ಗೊಣಗುತ್ತಲೇ ತುಂಬುತ್ತಿದ್ದರು. ಬೇಸ್‌ಬಾಲ್ ಆಟಗಾರರ ಹೆಸರು ಕೇಳಿದರೆ ಮಾತ್ರ ನನ್ನನ್ನು ಕೂಗುತ್ತಿದ್ದರು, ನನಗೇನೋ ಗೊತ್ತಿರುವ ಹಾಗೆ. 43 ಪದಬಂಧ ಮುಗಿಸಿದ್ದರು. ಪ್ರತಿಯೊಂದರ ನಂಬರು, ಹಿಡಿದ ಸಮಯ, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ.

ಒಂದು ಬೆಳಿಗ್ಗೆ ಆನ್ ಮಾಡಿದರೆ ನಿಮ್ಮ ಹೆಸರೇನು ಅಂತ ಕೇಳಿತು. ಹೊಸಬರನ್ನು ಕೇಳುವ ಹಾಗೆ. 43ಕ್ಕೆ 43ಊ ಮಾಯ. ತಾವೇ ಏನೋ ಒತ್ತಿಬಿಟ್ಟೆ ಅಂತ ಅಪ್ಪ ಎರಡು ದಿನ ಅದನ್ನು ಮುಟ್ಟಲಿಲ್ಲ. ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಆ ಎರಡು ದಿನಕ್ಕೆ, ದುಡ್ಡಿಗಲ್ಲ.

ಮಾರಿದವರಿಗೆ ಮೆಸೇಜ್ ಹಾಕಿದೆ. ಉತ್ತರ ಬಂತು: "ಹಳೇದಲ್ವಾ ಮೇಡಂ, ಕಾರ್ಟ್ರಿಜ್ ಒಳಗಿನ ಬ್ಯಾಟರಿ ವೀಕ್ ಆಗಿರುತ್ತೆ." ನಂಬಿಬಿಟ್ಟೆ. ಬ್ಯಾಟರಿ ಹಾಕಿಸೋಣ ಅಂತ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಗೆ ಹೋದೆ. ರಿಪೇರಿ ಅಂಗಡಿಯ ಹುಡುಗ ನಕ್ಕ. "ಇದರಲ್ಲಿ ಬ್ಯಾಟರಿನೇ ಇರಲ್ಲ ಅಕ್ಕ." ಡಿಎಸ್‌ಗಿಂತ ಮುಂಚಿನ ಗೇಮ್ ಬಾಯ್ ಯಂತ್ರದ ಹಳೇ ಕಾರ್ಟ್ರಿಜ್‌ಗಳಲ್ಲಿ ಆಟ ಉಳಿಸಿಡಲು ಚಿಕ್ಕ ಬ್ಯಾಟರಿ ಇರುತ್ತಿತ್ತು. ಅದು ಸತ್ತರೆ ಆಟವೂ ಹೋಗುತ್ತಿತ್ತು. ಡಿಎಸ್‌ನಲ್ಲಿ ಹಾಗಿಲ್ಲ, ಮೆಮೊರಿ ಚಿಪ್ಪಿನಲ್ಲೇ ಉಳಿಯುತ್ತದೆ, ಕರೆಂಟ್ ಬೇಡ. ಅಂದರೆ ಮಾರಿದವರು ಬೇರೆ ಯಂತ್ರದ ಕಥೆಯನ್ನು ತಂದು ನನಗೆ ಅಂಟಿಸಿದ್ದರು.

ಹುಡುಗ ತನ್ನ ಡ್ರಾಯರಿನಿಂದ ಒಂದು ಅಸಲಿ ಕಾರ್ಟ್ರಿಜ್ ತೆಗೆದು ನನ್ನದರ ಪಕ್ಕ ಇಟ್ಟ. ಚಿನ್ನದ ಬಣ್ಣದ ಪಟ್ಟಿಗಳಿರುವ ತುದಿಗೆ ಮೊಬೈಲ್ ಟಾರ್ಚ್ ಹಿಡಿದ. ಅಸಲಿಯಲ್ಲಿ ಪಟ್ಟಿಗಳಿಗಿಂತ ಸ್ವಲ್ಪ ಮೇಲೆ, ಒಳಗಿನ ಬೋರ್ಡಿನಲ್ಲಿ, ಕಂಪನಿಯ ಹೆಸರು ಅಚ್ಚಾಗಿತ್ತು. ನನ್ನದರಲ್ಲಿ ಬರೀ ಬೋರ್ಡು. ಮುಂದಿನ ಲೇಬಲ್ ಮೇಲಿನ ನಾಲ್ಕಕ್ಷರದ ಕೋಡ್ ಹಿಂದೆ ಅಚ್ಚೊತ್ತಿದ ಸಂಖ್ಯೆಯಲ್ಲೂ ಇರಬೇಕಂತೆ. ನನ್ನದರ ಹಿಂದೆ ಬೇರೆ ಯಾವುದೋ ಆಟದ ಕೋಡ್ ಇತ್ತು. ಲೇಬಲ್ಲಿನ ಅಂಚೂ ಉಗುರಿಗೆ ಏಳುತ್ತಿತ್ತು. ಅಂದರೆ ನನ್ನ ಕಾರ್ಟ್ರಿಜ್ ನಕಲಿ. ಬಂದಿದ್ದೇ ಬಂದೆ ಅಂತ ಬೆನ್ನಿನ ಒಂದು ಸ್ಕ್ರೂ ಬಿಚ್ಚಿ ಯಂತ್ರದ ಬ್ಯಾಟರಿಯನ್ನೂ ನೋಡಿದ. ಹಪ್ಪಳದ ಹಾಗೆ ಉಬ್ಬಿತ್ತು. "ಇದನ್ನ ಚಾರ್ಜಿಗೆ ಹಾಕ್ಬಿಟ್ಟು ಮಲಗ್ತಿದ್ರಾ?" ಅಂದ. ಹೌದು, ದಿನಾ ಅಪ್ಪನ ದಿಂಬಿನ ಪಕ್ಕದಲ್ಲೇ ಹಾಕಿರುತ್ತಿದ್ದೆ.

ಹೊಸ ಬ್ಯಾಟರಿ ಹಾಕಿಸಿಕೊಂಡು ಬಂದೆ. ಮಾರಿದವರು ಅಷ್ಟರಲ್ಲಿ ನನ್ನ ನಂಬರ್ ಬ್ಲಾಕ್ ಮಾಡಿ ಆಗಿತ್ತು.

ನೀವು ತಗೊಳ್ಳುವುದಾದರೆ ಮೆಟ್ರೋ ಮೆಟ್ಟಿಲ ಮೇಲೆ ಬೇಡ, ಕೂತು ನೋಡುವ ಜಾಗಕ್ಕೆ ಕರೆಯಿರಿ. ಒಂದು ಚಿಕ್ಕ ಸ್ಕ್ರೂಡ್ರೈವರ್ ಒಯ್ಯಿರಿ, ಬ್ಯಾಟರಿ ಮುಚ್ಚಳ ತೆಗೆಸಿ. ಕಾರ್ಟ್ರಿಜ್ ತುದಿಗೆ ಟಾರ್ಚ್ ಹಿಡಿಯಿರಿ. ಇವೆರಡಕ್ಕೆ ಒಪ್ಪದವರ ಹತ್ತಿರ ತಗೊಳ್ಳಲೇಬೇಡಿ. ಆಟ ಉಳಿಯುತ್ತಾ ಅಂತ ಅಲ್ಲೇ ಆಫ್ ಮಾಡಿ ಆನ್ ಮಾಡಿ ನೋಡಿದರೆ ಸಾಲದು. ನನ್ನದು ಮೂರು ವಾರ ಚೆನ್ನಾಗಿಯೇ ಉಳಿಸಿತ್ತು.

ಹೋದ ತಿಂಗಳು ಅಮೆರಿಕದಲ್ಲಿರುವ ಚಿಕ್ಕಮ್ಮನ ಮಗ ಅದೇ ಆಟದ ಅಸಲಿ ಕಾರ್ಟ್ರಿಜ್ ತಂದುಕೊಟ್ಟ. ಟಾರ್ಚ್ ಹಿಡಿದು ನೋಡಿಯೇ ಹಾಕಿದ್ದು. ಒಂದನೇ ಪದಬಂಧದಿಂದ ಮತ್ತೆ ಶುರುಮಾಡಿ ಅಂತ ಅಪ್ಪನಿಗೆ ಕೊಟ್ಟೆ. ನಾಲ್ಕು ಮನೆ ತುಂಬಿ ಮುಚ್ಚಿಟ್ಟರು. "ಉತ್ತರ ಗೊತ್ತಿದ್ದೂ ಬರೆದರೆ ಕಾಪಿ ಹೊಡೆದ ಹಾಗಾಗುತ್ತೆ ಪುಟ್ಟಿ. ಮರೆಯೋವರೆಗೂ ಇರಲಿ."